ಹಾರ್ಲನ್ ಕೊಟ್ಟ ಪೊಟ್ಟಣ

ಶೆಲ್ಬಿ, ನಾರ್ತ್ ಕ್ಯಾರೊಲಿನಾ
ಗುರುವಾರ, ಅಕ್ಟೋಬರ್ 26, 2023

ನಮ್ಮ ಮನೆಯ ಯಜಮಾನರಿಗೆ ಸಾವಿತ್ರಿಯ ನಮಸ್ಕಾರಗಳು.

ನಿಮ್ಮ ಅಕ್ಕಯ್ಯ ಹೇಗಿದ್ದಾರೆ? ವಾಕರ್ ಹಿಡಿದು ಅಂಗಳದವರೆಗೆ ಬಂದರು ಎಂದು ಭಾನುವಾರ ಹೇಳಿದಿರಿ, ಕೇಳಿ ಜೀವಕ್ಕೆ ಸಮಾಧಾನವಾಯಿತು. ಎಂಬತ್ತೈದರಲ್ಲಿ ಸೊಂಟದ ಮೂಳೆ ಮುರಿದುಕೊಂಡು ಆರು ವಾರಕ್ಕೆ ಎದ್ದು ನಿಲ್ಲುವುದೆಂದರೆ ಸಾಮಾನ್ಯವಲ್ಲ. ಅವರಿಗೆ ನನ್ನ ನಮಸ್ಕಾರ ತಿಳಿಸಿ. ಇನ್ನು ನಿಮ್ಮ ವಿಷಯ. ದಸರೆಯ ನೆಪದಲ್ಲಿ ಮೈಸೂರ್ ಪಾಕು ಎಷ್ಟು ಒಳಗೆ ಹೋಯಿತು ಎಂದು ನಾನು ಕೇಳುವುದಿಲ್ಲ, ಕೇಳಿದರೂ ನೀವು ನಿಜ ಹೇಳುವುದಿಲ್ಲ. ನಲವತ್ತೈದು ವರ್ಷ ಊರಿನವರಿಗೆಲ್ಲ ಬೆಣ್ಣೆ ಬಿಡಿ, ತುಪ್ಪ ಬಿಡಿ ಎಂದು ಹೇಳಿದ ಹೃದಯದ ಡಾಕ್ಟರು ನೀವು. ಶುಗರ್ ಚೆಕ್ ಮಾಡಿಸಿ, ನಂಬರ್ ಬರೆದು ಕಳಿಸಿ. ಇಲ್ಲಿ ನಾನು ಚೆನ್ನಾಗಿದ್ದೇನೆ. ಮಂಡಿ ಮೊದಲಿನ ಹಾಗೇ ಇದೆ. ನಿಮ್ಮ ಟೊಮೇಟೊ ಗಿಡಗಳ ಮೇಲೆ ಜಿಂಕೆಗಳು ಬಾಯಾಡಿಸಿವೆ, ಅದಕ್ಕೆ ನಾನು ಜವಾಬ್ದಾರಳಲ್ಲ.

ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡುವಾಗ ಇವಳು ಯಾಕೆ ಕಾಗದ ಬರೆಯುತ್ತಾಳೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನಾನು ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ನೀವು ಬಾಯಿ ಹಾಕಿ ಮೂರನೆಯದನ್ನು ನೀವೇ ಹೇಳಿ ಮುಗಿಸುತ್ತೀರಿ. ಈ ವಿಷಯಕ್ಕೆ ಹಾಗಾಗಬಾರದು. ಜೊತೆಗೆ, ಇದರಲ್ಲಿ ನನ್ನದೊಂದು ದೊಡ್ಡ ತಪ್ಪಿದೆ. ಅದನ್ನು ಪೂರ್ತಿ ಹೇಳಿ ಮುಗಿಸಿದ ಮೇಲೆ ನೀವು ಬೈಯಬೇಕು, ನಡುವೆ ಅಲ್ಲ. ಶಾರ್ಲಟ್‌ನ ಚನ್ನಮ್ಮನ ಮಗ ಶ್ರೇಯಸ್ ಭಾನುವಾರ ಬೆಂಗಳೂರಿಗೆ ಹೊರಟಿದ್ದಾನೆ, ಬುಧವಾರ ಮೈಸೂರಿಗೆ ಬರುತ್ತಾನೆ. ಅವನ ಕೈಯಲ್ಲಿ ಕಳಿಸುತ್ತೇನೆ.

ಮಹಾಲಯ ಅಮಾವಾಸ್ಯೆಯ ದಿನ, ಅಂದರೆ ಹದಿನಾಲ್ಕನೇ ತಾರೀಖು, ನಾನು ಗೊಂಬೆಗಳ ಪೆಟ್ಟಿಗೆ ಇಳಿಸಿಕೊಂಡು ಮೆಟ್ಟಿಲು ಜೋಡಿಸುತ್ತಿದ್ದೆ. ಪಟ್ಟದ ಗೊಂಬೆಯ ರಾಣಿಗೆ ಹೊಸ ಸೀರೆ ಉಡಿಸುತ್ತಿರುವಾಗ ಬಾಗಿಲು ತಟ್ಟಿದ ಸದ್ದಾಯಿತು. ಗುರುವಾರ ಬೆಳಗ್ಗೆ ನಿಮ್ಮ ಜೊತೆ ತಿಂಡಿಗೆ ಕೂರುವ ಗೆಳೆಯ ಹಾರ್ಲನ್ ಪ್ರೂಯಿಟ್‌ರ ಮಗಳು ಲಿಂಡಾ ನಿಂತಿದ್ದಳು. ಕೂತಳು, ಕಾಫಿ ಬೇಡವೆಂದಳು, ಆಮೇಲೆ ಕುಡಿದಳು. ವಿಷಯವೇನೆಂದರೆ, ಹಾರ್ಲನ್ ಓದಿದ ಕಾಲೇಜಿನವರು ಇಪ್ಪತ್ತೆಂಟನೇ ತಾರೀಖು, ಶನಿವಾರದ ಆಟದ ನಡುವೆ, ಯುದ್ಧಕಾಲದ ತಮ್ಮ ಫುಟ್‌ಬಾಲ್ ತಂಡಕ್ಕೆ ಗೌರವ ಮಾಡುತ್ತಾರಂತೆ. ಆ ತಂಡದಲ್ಲಿ ಈಗ ಉಳಿದಿರುವವರು ತೊಂಬತ್ತೆಂಟು ವರ್ಷದ ಹಾರ್ಲನ್ ಒಬ್ಬರೇ. ಅವರೋ ಬರುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಾರೆ. ಬಲವಂತ ಮಾಡಿದರೆ ಒಂದೇ ಮಾತು: ಚಿನ್ನದ ಫುಟ್‌ಬಾಲ್ ತನ್ನ ಹತ್ತಿರ ಇಲ್ಲ, ಅದು ಡಾಕ್ ಹತ್ತಿರ, ಅಂದರೆ ನಿಮ್ಮ ಹತ್ತಿರ ಇದೆ, ಅದಿಲ್ಲದೆ ಆ ಮೈದಾನದಲ್ಲಿ ಕಾಲಿಡುವುದಿಲ್ಲ. ನಿಮ್ಮನ್ನು ಕೇಳಲೂ ಬಿಡುವುದಿಲ್ಲವಂತೆ. ಅದಕ್ಕೇ ಲಿಂಡಾ ಅಪ್ಪನಿಗೆ ಹೇಳದೆ ನನ್ನ ಹತ್ತಿರ ಬಂದಿದ್ದಳು.

ಐವತ್ತೆರಡು ವರ್ಷ ಈ ದೇಶದಲ್ಲಿದ್ದರೂ ಆ ಆಟದ ತಲೆಬುಡ ನನಗೆ ತಿಳಿದಿಲ್ಲ, ನಿಮಗೇ ಗೊತ್ತು. ಲಿಂಡಾ ಕೂತು ಬಿಡಿಸಿ ಹೇಳಿದಳು. ಆ ಕಾಲದಲ್ಲಿ ಪ್ರತಿ ವರ್ಷ ಆಟಗಳೆಲ್ಲ ಮುಗಿದ ಮೇಲೆ ಪತ್ರಿಕೆಯವರು ಓಟು ಹಾಕಿ, ದಕ್ಷಿಣದ ರಾಜ್ಯಗಳ ಕಾಲೇಜು ಹುಡುಗರಲ್ಲಿ ಅತ್ಯುತ್ತಮ ಹನ್ನೊಂದು ಜನರನ್ನು ಆರಿಸುತ್ತಿದ್ದರಂತೆ. ಆಲ್-ಸದರ್ನ್ ಎಂದು ಅದರ ಹೆಸರು. ಆ ಹನ್ನೊಂದು ಜನ ಒಟ್ಟಿಗೆ ಆಡುವುದೇನೂ ಇಲ್ಲ, ಕಾಗದದ ಮೇಲಿನ ತಂಡ. ಆದರೆ ಹೆಸರು ಬಂತೆಂದರೆ ಸಾಯುವವರೆಗೆ ಊರು ಮರೆಯುವುದಿಲ್ಲ. ಸಾವಿರದ ಒಂಬೈನೂರ ನಲವತ್ತನಾಲ್ಕರಲ್ಲಿ ಹಾರ್ಲನ್ ಹೆಸರು ಅದರಲ್ಲಿ ಬಂದಿತ್ತು. ಕಾಲೇಜಿನವರು ಹೆಮ್ಮೆಯಿಂದ ಗೋಡಂಬಿಯಷ್ಟು ದೊಡ್ಡ ಚಿನ್ನದ ಫುಟ್‌ಬಾಲ್ ಮಾಡಿಸಿ ಕೊಟ್ಟಿದ್ದರಂತೆ. ಕ್ಷೌರದಂಗಡಿಯಲ್ಲಿ ಯಾರಾದರೂ ಆ ಮಾತೆತ್ತಿದರೆ ಹಾರ್ಲನ್ ಮಳೆ ಬಿಸಿಲಿನ ಮಾತಿಗೆ ತಿರುಗಿಸಿಬಿಡುತ್ತಾರೆ ಎಂದು ನೀವೇ ಒಂದು ಸಲ ಹೇಳಿದ್ದಿರಿ, ನೆನಪಿದೆಯೇ? ವಿನಯ ಅಂದರೆ ಇದು ಎಂದು ನನಗೆ ಪಾಠ ಬೇರೆ ಮಾಡಿದ್ದಿರಿ.

ಡಾಕ್ಟರ ಹತ್ತಿರ ಅಂಥದ್ದೇನೂ ಇಲ್ಲವಲ್ಲ ತಾಯಿ ಎಂದೆ. ಲಿಂಡಾ ಬಿಡಲಿಲ್ಲ. ನೀವು ರಿಟೈರ್ ಆದ ದಿನ ತನ್ನ ಅಪ್ಪ ಅದನ್ನು ನಿಮ್ಮ ಕೈಗೇ ಕೊಟ್ಟರಂತೆ. ಪುಟ್ಟ ಡಬ್ಬಿ, ಅವಳ ಅಮ್ಮ ಚಿನ್ನದ ಬಣ್ಣದ ಕಾಗದ ಸುತ್ತಿ, ಕೆಂಪು ರಿಬ್ಬನ್ ಕಟ್ಟಿ ಕೊಟ್ಟಿದ್ದಂತೆ. ಬೆರಳಿನಲ್ಲಿ ಇಷ್ಟಗಲ ಎಂದು ತೋರಿಸಿದಳು ನೋಡಿ, ನಾನು ಕಾಫಿ ಲೋಟ ಕೆಳಗಿಟ್ಟುಬಿಟ್ಟೆ.

ಏಕೆಂದರೆ ಆ ಡಬ್ಬಿ ನನಗೆ ಗೊತ್ತು. ಎರಡು ಸಾವಿರದ ಹದಿನಾರರಲ್ಲಿ ನೀವು ಕ್ಲಿನಿಕ್ಕಿನಿಂದ ಒಂದು ರಟ್ಟಿನ ಪೆಟ್ಟಿಗೆ ತುಂಬ ಉಡುಗೊರೆ ತಂದು ಊಟದ ಮೇಜಿನ ಮೇಲೆ ಇಟ್ಟಿರಿ. ಮೂರು ವಾರ ಅದು ಅಲ್ಲೇ ಇತ್ತು. ಕಾಫಿ ಮಗ್ಗುಗಳು, ಟೈಗಳು, ಪೀಕಾನ್ ಬೀಜದ ಡಬ್ಬಗಳು. ಕೊಟ್ಟವರ ಎದುರಿಗೇ ಪೊಟ್ಟಣ ಬಿಚ್ಚುವುದು ಆಸೆಬುರುಕತನ ಎಂದು ನಿಮ್ಮ ತಾಯಿ ಕಲಿಸಿದ್ದರು, ಅದು ಸರಿಯೇ. ಇಲ್ಲಿಯವರು ಕೊಟ್ಟ ತಕ್ಷಣ ಪರಪರ ಹರಿದು ಅಯ್ಯೋ ಎಷ್ಟು ಚೆನ್ನಾಗಿದೆ ಅನ್ನುತ್ತಾರೆ, ನಮಗೆ ಅದು ಇವತ್ತಿಗೂ ಬರಲಿಲ್ಲ. ಆದರೆ ಮನೆಗೆ ಬಂದ ಮೇಲೆ ಬಿಚ್ಚಬಾರದು ಎಂದು ನಿಮ್ಮ ತಾಯಿ ಹೇಳಿರಲಿಲ್ಲವಲ್ಲ! ನೀವು ಬಿಚ್ಚಲಿಲ್ಲ. ನಾನು ಮೇಜು ಖಾಲಿ ಮಾಡುವಾಗ ಕೈಗೆ ಸಿಕ್ಕಿದ ಆ ಡಬ್ಬಿಯನ್ನು ನೋಡಿ, ಯಾವುದೋ ಜರ್ಮನ್ ಸಿಲ್ವರ್ ಕುಂಕುಮದ ಭರಣಿ ಎಂದುಕೊಂಡು, ಅರಿಶಿನ ಕುಂಕುಮಕ್ಕೆ ಬಂದವರಿಗೆ ಕೊಡುವ ಸಾಮಾನಿನ ಕಪಾಟಿಗೆ ಸೇರಿಸಿದೆ. ಮುಂದಿನ ವರ್ಷ ದಸರೆಯಲ್ಲಿ ತಾಂಬೂಲದ ಚೀಲಗಳೆಲ್ಲ ಮುಗಿದ ಮೇಲೆ ದಾರಿ ತಪ್ಪಿ ತಡವಾಗಿ ಬಂದ ಚನ್ನಮ್ಮನಿಗೆ, ಒಂದು ಬ್ಲೌಸ್ ಪೀಸಿನ ಜೊತೆ ಅದನ್ನು ಇಟ್ಟು ಕೊಟ್ಟೆ. ಕೊಟ್ಟದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಇದೇ ನನ್ನ ತಪ್ಪು. ಈಗ ಬೈಯಬಹುದು, ಆದರೆ ಅರ್ಧ ನಿಮಗೂ ಬೈದುಕೊಳ್ಳಿ.

ಕೊಟ್ಟ ತಾಂಬೂಲ ವಾಪಸ್ ಕೇಳಿದವರು ನಮ್ಮ ಏಳೇಳು ತಲೆಮಾರಿನಲ್ಲಿ ಯಾರೂ ಇರಲಾರರು. ಚನ್ನಮ್ಮನಿಗೆ ಫೋನ್ ಮಾಡಿ ಮಂಡಿ ನೋವು, ಹವೆ, ಶ್ರೇಯಸ್‌ನ ಪ್ರಯಾಣ ಎಲ್ಲ ಸುತ್ತಿ ಬಂದು, ಆರು ವರ್ಷದ ಹಿಂದೆ ಒಂದು ಪುಟ್ಟ ಪೊಟ್ಟಣ ಕೊಟ್ಟಿದ್ದೆನಲ್ಲ, ಕೆಂಪು ರಿಬ್ಬನ್ ಇತ್ತು ಎಂದೆ. ಅವಳು ಒಂದು ಕ್ಷಣವೂ ತಡಮಾಡಲಿಲ್ಲ. “ಅಯ್ಯೋ ಆ ಭರಣಿನಾ ಸಾವಿತ್ರಕ್ಕಾ, ಎಷ್ಟು ಮುದ್ದಾಗಿದೆ ಅಂತೀರಾ, ದಿನಾ ಪೂಜೆಗೆ ಅದನ್ನೇ ಯೂಸ್ ಮಾಡ್ತೀನಿ” ಎಂದಳು. ಅದರಲ್ಲಿ ಭರಣಿ ಇರಲಿಲ್ಲ ಚನ್ನಮ್ಮ, ಎಂದೆ. ಲೈನ್ ಕಟ್ ಆಯಿತೇನೋ ಎಂದು ನಾನು ಹಲೋ ಹಲೋ ಅನ್ನಬೇಕಾಯಿತು. ಆಮೇಲೆ ಸಣ್ಣ ದನಿಯಲ್ಲಿ ನಿಜ ಹೇಳಿದಳು. ಬಿಚ್ಚದೆ ಹಾಗೇ ಇಟ್ಟಿದ್ದು, ಮರುವರ್ಷ ಜಾರ್ಜಿಯಾದ ಕಮ್ಮಿಂಗ್‌ನಲ್ಲಿ ತನ್ನ ಪರಿಚಯದ ಜ್ಯೋತ್ಸ್ನಾಳ ಹೊಸ ಮನೆಯ ಗೃಹಪ್ರವೇಶಕ್ಕೆ ಕೊಟ್ಟಿದ್ದಳು. ನಾನು ನಗಲಿಲ್ಲ. ನಗುವ ಹಕ್ಕು ನನಗೆಲ್ಲಿದೆ?

ಜ್ಯೋತ್ಸ್ನಾ ಈಗಿನ ಕಾಲದ ಹುಡುಗಿ, ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ. “ಆಂಟಿ, ಆನೆಸ್ಟ್ ಆಗಿ ಹೇಳ್ತೀನಿ, ಗೃಹಪ್ರವೇಶದ ಗಿಫ್ಟ್‌ಗಳದ್ದೇ ಒಂದು ಕ್ಲಾಸೆಟ್ ಫುಲ್ ಇದೆ, ಅರ್ಧ ಓಪನ್ನೇ ಮಾಡಿಲ್ಲ, ವೀಕೆಂಡ್ ಚೆಕ್ ಮಾಡ್ತೀನಿ” ಎಂದಳು. ವೀಕೆಂಡ್‌ವರೆಗೆ ಕಾಯಲು ನನ್ನಿಂದ ಆಗುತ್ತದೆಯೇ? ದಿನಾ ಫೋನ್ ಮಾಡಿದೆ. ಲಿಂಡಾ ಬೇರೆ ದಿನಾ ನನಗೆ ಮೆಸೇಜ್ ಮಾಡುತ್ತಿದ್ದಳು: ಅಪ್ಪ ಊಟ ಸರಿಯಾಗಿ ಮಾಡುತ್ತಿಲ್ಲ, ಕಾಲೇಜಿನವರಿಗೆ ಬರುವುದಿಲ್ಲವೆಂದು ಕಾಗದ ಬರೆಯಲು ಹೇಳುತ್ತಿದ್ದಾರೆ. ಗೊಂಬೆ ನೋಡಲು ಬಂದವರಿಗೆ ನಗುನಗುತ್ತಾ ಕುಂಕುಮ ಕೊಡುತ್ತಿದ್ದೆ, ಅವರು ಹೋದ ಕೂಡಲೇ ಮತ್ತೆ ಫೋನ್ ಹಿಡಿಯುತ್ತಿದ್ದೆ. ತೊಂಬತ್ತೆಂಟು ವರ್ಷದ ಮನುಷ್ಯ, ಮುಂದಿನ ವರ್ಷ ನೋಡೋಣ ಎನ್ನುವ ಹಾಗಿಲ್ಲ. ಅವರ ಜೀವಮಾನದ ಗೌರವವನ್ನು ನಾನು ಎಲೆ ಅಡಿಕೆಯ ಜೊತೆ ದಾಟಿಸಿಬಿಟ್ಟೆನಲ್ಲ ಎಂದು ನೆನೆದರೆ ಅನ್ನ ಸೇರುತ್ತಿರಲಿಲ್ಲ. ಐದನೇ ದಿನ ಜ್ಯೋತ್ಸ್ನಾ ತಾನೇ ಫೋನ್ ಮಾಡಿದಳು. ಕ್ಲಾಸೆಟ್‌ನಲ್ಲಿ ಸಿಗಲಿಲ್ಲ, ಆದರೆ ಗಂಡನಿಗೆ ನೆನಪಾಯಿತಂತೆ: ಎರಡು ಸಾವಿರದ ಹತ್ತೊಂಬತ್ತರಲ್ಲಿ ಅವನ ಹಳೆಯ ಬಾಸ್ ಬಾಬಾಜಾನ್ ಅವರ ಸ್ಟರ್ಲಿಂಗ್ ಮನೆಗೆ ರಂಜಾನ್ ಊಟಕ್ಕೆ ಹೋದಾಗ, ಬರಿಗೈಯಲ್ಲಿ ಹೋಗಬಾರದೆಂದು ಅವರ ಹೆಂಡತಿ ಹಾಜಿರಾಗೆ ಅದನ್ನು ಕೊಟ್ಟಿದ್ದರು. ನಮ್ಮ ಊರಿನಿಂದ ಜಾರ್ಜಿಯಾ, ಅಲ್ಲಿಂದ ವರ್ಜೀನಿಯಾ. ಹಾರ್ಲನ್ ತಮ್ಮ ಜೀವಮಾನದಲ್ಲಿ ಆ ಫುಟ್‌ಬಾಲನ್ನು ಅಷ್ಟು ದೂರ ಓಡಿಸಿರಲಿಕ್ಕಿಲ್ಲ.

ಮುಖ ನೋಡಿಲ್ಲದ ಹೆಂಗಸನ್ನು ಹೇಗೆ ಕೇಳುವುದೆಂದು ನಾನು ಮಾತು ಜೋಡಿಸಿಕೊಳ್ಳುತ್ತಿರುವಾಗಲೇ ಜ್ಯೋತ್ಸ್ನಾಳಿಂದ ವಿಷಯ ತಿಳಿದು ಆಕೆಯೇ ಫೋನ್ ಮಾಡಿದರು. ಮೈಸೂರಿನ ಲಷ್ಕರ್ ಮೊಹಲ್ಲಾದವರು, ನಮ್ಮ ಮಹಾರಾಣಿ ಕಾಲೇಜಿನಲ್ಲೇ ಓದಿದವರು, ನನಗಿಂತ ಹತ್ತು ವರ್ಷ ಚಿಕ್ಕವರು. “ಅಕ್ಕಾ, ನೀವು ಯೋಚನೆ ಮಾಡಬೇಡಿ, ಸಾಮಾನು ನನ್ನ ಹತ್ರ ಭದ್ರವಾಗಿದೆ” ಎಂದರು. ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ, ನಾಚಿಕೆಯೇನಿಲ್ಲ, ಹೇಳುತ್ತಿದ್ದೇನೆ. ನಾಲ್ಕು ಮನೆಯವರಲ್ಲಿ ಪೊಟ್ಟಣ ಬಿಚ್ಚಿದವರು ಅವರೊಬ್ಬರೇ. ಒಳಗೆ ಚಿನ್ನದ ಫುಟ್‌ಬಾಲ್, ಅದರ ಮೇಲೆ 1944 ಎಂದು ಕೊರೆದದ್ದು, ಜೊತೆಗೆ ಅಂಟಿಸಿದ ಪುಟ್ಟ ಲಕೋಟೆ, ಅದರ ಮೇಲೆ ಡಾಕ್ ಎಂದಷ್ಟೇ ಬರೆದಿದೆ. ಇದು ತನಗೆ ಕೊಟ್ಟದ್ದಲ್ಲ, ತಪ್ಪಿ ಬಂದದ್ದು ಎಂದು ತಕ್ಷಣ ತಿಳಿಯಿತಂತೆ. ಆದರೆ ವಾಪಸ್ ಕೊಡಲು ಹೋದರೆ, ನೀನು ಬಿಚ್ಚಿಯೂ ನೋಡದೆ ಕೊಟ್ಟೆ ಎಂದು ಜ್ಯೋತ್ಸ್ನಾಳ ಮುಖಕ್ಕೆ ಹೇಳಿದಂತೆ. ಪಾಪ, ಆ ಹುಡುಗಿಗೆ ನೋವಾಗುತ್ತದೆ. ಲಕೋಟೆ ಒಡೆಯೋಣವೆಂದರೆ ಬೇರೆಯವರ ಕಾಗದ. ಅದಕ್ಕೆ, ಇದು ಯಾರದೋ ಅಮಾನತ್ತು, ಕೇಳಿಕೊಂಡು ಬರುವವರೆಗೆ ಕಾಪಾಡುತ್ತೇನೆ ಎಂದು ತಮ್ಮ ಬಳೆಗಳ ಪೆಟ್ಟಿಗೆಯಲ್ಲಿ ನಾಲ್ಕು ವರ್ಷ ಇಟ್ಟುಕೊಂಡಿದ್ದರು. ಎಲ್ಲರೂ ಒಬ್ಬರಿಗಿಂತ ಒಬ್ಬರು ಮರ್ಯಾದಸ್ಥರು ನೋಡಿ, ಅದಕ್ಕೇ ಇಷ್ಟು ತಡವಾಯಿತು.

ಪೋಸ್ಟಿನಲ್ಲಿ ಕಳಿಸಲು ಅವರು ಒಪ್ಪಲಿಲ್ಲ. ಆಯುಧಪೂಜೆಯ ದಿನ ಗಂಡ ಹೆಂಡತಿ ಇಬ್ಬರೂ ಏಳು ಗಂಟೆ ಡ್ರೈವ್ ಮಾಡಿಕೊಂಡು ಬಂದೇಬಿಟ್ಟರು. ನಿಮ್ಮ ಕಾರಿಗೆ ನಾನು ಹೂ ಮುಡಿಸಿ ನಿಂಬೆಹಣ್ಣು ಇಡುತ್ತಿದ್ದೆ, ಬಾಬಾಜಾನ್ ತಮ್ಮ ಕಾರಿಗೂ ಎರಡು ಹೂವು ಕೇಳಿ ಇಟ್ಟರು. ಹಾಜಿರಾ ಗೊಂಬೆಗಳ ಮುಂದೆ ಒಂದು ಗಂಟೆ ಕೂತಿದ್ದರು. ಚಿಕ್ಕಂದಿನಲ್ಲಿ ಪಕ್ಕದ ಬೀದಿಯ ಮನೆಗಳಿಗೆ ಗೊಂಬೆ ನೋಡಲು ಹೋಗಿ ಫ್ರಾಕಿನ ಜೇಬಿನ ತುಂಬ ಚರುಪಿನ ತಿಂಡಿ ತುಂಬಿಸಿಕೊಂಡು ಬರುತ್ತಿದ್ದರಂತೆ. ಈ ಸಲ ಗೊಂಬೆ ಮೆಟ್ಟಿಲ ಕೆಳಗೆ ಮಾಡಿದ ಪುಟ್ಟ ಪಾರ್ಕಿನಲ್ಲಿ ರಾಗಿ ಮೊಳಕೆ ಅಷ್ಟು ಚೆನ್ನಾಗಿ ಬಂದಿರಲಿಲ್ಲ, ಆದರೂ ಹೊಗಳಿದರು. ಹೊರಡುವಾಗ ತಾಂಬೂಲದ ಚೀಲ ಕೊಟ್ಟು, ಇದನ್ನು ಈಗಲೇ, ನನ್ನ ಎದುರಿಗೇ ಬಿಚ್ಚಿ ನೋಡಬೇಕು ಎಂದು ಹಟ ಮಾಡಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನೀವು ಬಂದ ಮೇಲೆ ಅವರ ಮನೆಗೆ ಹೋಗಬೇಕು, ಮಾತು ಕೊಟ್ಟಿದ್ದೇನೆ.

ಈಗ ಆ ಡಬ್ಬಿ ದೇವರ ಮನೆಯಲ್ಲಿದೆ. ಲಕೋಟೆ ನಿಮ್ಮ ಹೆಸರಿನದು, ನಾನೂ ಒಡೆದಿಲ್ಲ. ನಾಡಿದ್ದು ಶನಿವಾರ ಬೆಳಗ್ಗೆ ಎರಡನ್ನೂ ಹಾರ್ಲನ್ ಮನೆಗೆ ಒಯ್ದು, ನಡೆದದ್ದನ್ನು ನಡೆದ ಹಾಗೆ ಹೇಳಿ, ಕೈಮುಗಿದು ಕ್ಷಮೆ ಕೇಳಿ, ಅವರನ್ನು ಮೈದಾನಕ್ಕೆ ಹೊರಡಿಸಬೇಕು. ಆ ಕಾಲದಲ್ಲಿ ಅವರ ಜೊತೆ ಆಡುತ್ತಿದ್ದ ಕ್ಲೈಡ್ ಎಂಬ ಹುಡುಗನ ತಂಗಿ ವಿಲ್ಮಾ ಕೂಡ ಬರುತ್ತಾರಂತೆ. ಕ್ಲೈಡ್ ಯುದ್ಧದಲ್ಲಿ ತೀರಿಕೊಂಡ, ಹಡಗಿನಲ್ಲಿ, ಓಕಿನಾವಾದ ಹತ್ತಿರ. ಇಷ್ಟು ಲಿಂಡಾಗೆ ಗೊತ್ತು, ಅದಕ್ಕಿಂತ ಹೆಚ್ಚು ಅಪ್ಪ ಎಂದೂ ಹೇಳಿಲ್ಲವಂತೆ. ನನಗೆ ಭಯವಾಗುತ್ತಿದೆ, ಆದರೆ ಹೋಗುತ್ತೇನೆ.

ಅಕ್ಕಯ್ಯನ ಕೋಣೆಯಲ್ಲಿ ರಾತ್ರಿ ದೀಪ ಆರಿಸಬೇಡಿ, ಬಚ್ಚಲಿಗೆ ಏಳುವಾಗ ಎಡವುತ್ತಾರೆ. ಸಿದ್ಧಾರ್ಥ್ ಮಾತು ಮಾತಿಗೂ ಅಪ್ಪ ಯಾವಾಗ ಬರುತ್ತಾರೆ ಎನ್ನುತ್ತಾನೆ. ಮಗನಿಗೆ ಕಾತರ, ನನಗೇನಿಲ್ಲ, ಟಿವಿ ರಿಮೋಟ್ ನನ್ನ ಕೈಯಲ್ಲೇ ಇದೆ. ಆರೋಗ್ಯ ನೋಡಿಕೊಳ್ಳಿ. ಚಾಮುಂಡಿ ಎಲ್ಲರನ್ನೂ ಕಾಯಲಿ.

ಇಂತು ನಿಮ್ಮ
ಸಾವಿತ್ರಿ

ತಾಜಾಕಲಂ: ಶನಿವಾರ ಸಂಜೆ ಐದು ಗಂಟೆ. ಶ್ರೇಯಸ್ ಬಾಗಿಲಲ್ಲಿ ಕಾಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಹಾರ್ಲನ್ ವರಾಂಡದಲ್ಲಿ ಕೋಟು ಹಾಕಿಕೊಳ್ಳದೆ ಕೂತಿದ್ದರು. ಡಬ್ಬಿ ಕೊಟ್ಟೆ. ಅವರು ಚಿನ್ನ ನೋಡಲೇ ಇಲ್ಲ, ಲಕೋಟೆಯನ್ನು ತಿರುಗಿಸಿ ಅಂಟು ನೋಡಿದರು. ಡಾಕ್ ಇದನ್ನು ಓದಲೇ ಇಲ್ಲವೇ ಎಂದರು. ಇಂಥದ್ದೊಂದು ಇದೆ ಎಂದೇ ಅವರಿಗೆ ಗೊತ್ತಿಲ್ಲ ಎಂದು, ನಮ್ಮ ಪದ್ಧತಿಯಿಂದ ಹಿಡಿದು ಸ್ಟರ್ಲಿಂಗ್‌ವರೆಗೆ ಎಲ್ಲ ಹೇಳಿದೆ. ಕೆಮ್ಮು ಬರುವಷ್ಟು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಏಳು ವರ್ಷದ ಹಿಂದೆ ಬರೆದದ್ದನ್ನು ಬಾಯಿಪಾಠವಾಗಿ ಒಪ್ಪಿಸಿದರು. ತಂಡದಲ್ಲಿ ತನ್ನ ಜಾಗ ಮೊದಲು ಕ್ಲೈಡ್‌ನದು. ಆರು ಆಟ ಆಡಿ ಎಲ್ಲರ ಬಾಯಲ್ಲೂ ಅವನ ಹೆಸರಾಗಿತ್ತು. ಆಗ ನೇವಿಯವರ ಆರ್ಡರ್ ಬಂದು ಅವನು ಹೊರಟ. ಉಳಿದ ನಾಲ್ಕು ಆಟ ಆ ಜಾಗದಲ್ಲಿ ಹಾರ್ಲನ್ ಆಡಿದರು, ಪತ್ರಿಕೆಯವರು ಆಲ್-ಸದರ್ನ್‌ಗೆ ಊರಲ್ಲಿ ಉಳಿದವನ ಹೆಸರು ಬರೆದರು. ಕ್ಲೈಡ್ ವಾಪಸ್ ಬರಲಿಲ್ಲ. ಆಮೇಲೆ ಅವರದೇ ಮಾತು: ಡಾಕ್, ಮೂವತ್ತು ವರ್ಷ ನನ್ನ ಎದೆಗೆ ಕಿವಿಯಿಟ್ಟು ಕೇಳಿದವನು ನೀನು, ಅದಕ್ಕೆ ನಿನಗೊಬ್ಬನಿಗೇ ಹೇಳುತ್ತಿದ್ದೇನೆ, ಇದನ್ನು ನಾನು ಇಟ್ಟುಕೊಳ್ಳಬಹುದು ಎಂದು ನಿನಗೆ ಅನ್ನಿಸಿದರೆ ಒಂದು ಮಾತು ಹೇಳು, ನೀನು ಏನೂ ಹೇಳದಿದ್ದರೆ ನನಗೆ ಅರ್ಥವಾಗುತ್ತದೆ. ಇದು ಅದರ ಕೊನೆ.

ಅಂದರೆ ಏಳು ವರ್ಷ, ಪ್ರತಿ ಗುರುವಾರ ಬೆಳಗ್ಗೆ, ನೀವು ಅವರ ಎದುರು ಕೂತು ಬಿಸ್ಕಿಟ್ ತಿಂದು, ಮೊಮ್ಮಕ್ಕಳ ಮಾತಾಡಿ ಎದ್ದು ಬಂದಿರಿ. ಒಳ್ಳೆಯ ಮನುಷ್ಯ, ಮುಖದ ಮೇಲೆ ಹೇಳಲಾರದೆ ಸುಮ್ಮನಿದ್ದಾನೆ ಎಂದು ಅವರು ತಿಳಿದುಕೊಂಡಿದ್ದರು. ಆದರೂ ಒಂದು ಗುರುವಾರವೂ ತಪ್ಪಿಸಲಿಲ್ಲ.

ಮೈದಾನಕ್ಕೆ ಬಂದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿರುವಾಗ ನೇರವಾಗಿ ಗಾಲಿಕುರ್ಚಿಯಲ್ಲಿದ್ದ ವಿಲ್ಮಾ ಹತ್ತಿರ ಹೋಗಿ ಚಿನ್ನದ ಫುಟ್‌ಬಾಲನ್ನು ಅವರ ಅಂಗೈಗೆ ಹಾಕಿದರು. ಆಕೆ ನೋಡಿ, ಕ್ಲೈಡ್‌ನ ಕೊನೆಯ ಕಾಗದದಲ್ಲಿ ಆ ಹನ್ನೊಂದು ಹೆಸರಿದ್ದ ಪತ್ರಿಕೆಯ ತುಂಡು ಇತ್ತು ಎಂದರು. ಹಾರ್ಲನ್ ಹೆಸರಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಇವನಿಗೆ ಚೆಂಡು ಹಿಡಿಯುವುದು ಕಲಿಸಿದವನು ನಾನು ಎಂದು ಹಡಗಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ ಎಂದು ಬರೆದಿದ್ದನಂತೆ. ಫುಟ್‌ಬಾಲನ್ನು ಹಾರ್ಲನ್ ಕೈಗೆ ವಾಪಸ್ ಇಟ್ಟು ಬೆರಳು ಮುಚ್ಚಿಸಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿದಿಲ್ಲ. ಕಾರು ಹತ್ತುವಾಗ ನನ್ನ ಕೈಗೆ ಲಕೋಟೆ ಕೊಟ್ಟು, ವಿಲ್ಮಾ ಕ್ಲೈಡ್ ಪರವಾಗಿ ಹೇಳಿದಳು, ನಾನು ಕೇಳಿದ್ದು ಡಾಕ್‌ನನ್ನು, ಫೋನಿನಲ್ಲಿ ಹೇಳಬೇಡ, ಕಾಗದ ಕಳಿಸು, ಈ ಸಲ ಬಿಚ್ಚಲು ಹೇಳು ಎಂದರು.

ಈ ಕವರಿನೊಳಗೇ ಇದೆ. ಕಾಫಿ ಆಮೇಲೆ, ಪೇಪರ್ ಆಮೇಲೆ. ಈಗಲೇ ಬಿಚ್ಚಿ. ಗುರುವಾರ ನಮ್ಮ ಒಂಬತ್ತು ಗಂಟೆಗೆ, ನಿಮ್ಮ ಸಂಜೆ ಆರೂವರೆಗೆ, ಹಾರ್ಲನ್ ನಿಮ್ಮಿಬ್ಬರ ಗುರುವಾರದ ಮೇಜಿನಲ್ಲಿ ಫೋನ್ ಎದುರಿಗಿಟ್ಟುಕೊಂಡು ಕೂತಿರುತ್ತಾರೆ. ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ. ಸುಮ್ಮನಿರಬೇಡಿ, ಅಷ್ಟೇ.

ಸಾ.